ಚೀವರ ಮಣ್ಣು ಸೇರುವವರೆಗಿನ ಲೆಕ್ಕ

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ಕಡೆ ಹೋಗುವವರಿಗೆ ಹೋಮ್‌ಸ್ಟೇಗಳ ಬುದ್ಧ ಚೆನ್ನಾಗಿ ಗೊತ್ತು. ಫೈಬರ್‌ನಲ್ಲಿ ಮಾಡಿದ ಅರೆಗಣ್ಣಿನ ತಲೆ, ಹಿಂದೆ ಮೋಟಾರ್ ಹಚ್ಚಿದ ಪುಟಾಣಿ ಜಲಪಾತ, ಪಕ್ಕದಲ್ಲೇ ಬಿಲ್ ಕೌಂಟರ್. ಇದಕ್ಕೆ ಸಿಟ್ಟಾಗುವಂಥದ್ದೇನಿಲ್ಲ. ಆದರೆ ಕೊಳ್ಳುವುದು, ಬಳಸುವುದು, ಎಸೆಯುವುದು ಇವುಗಳ ಬಗ್ಗೆ ಬುದ್ಧ ಏನು ಹೇಳಿದ್ದಾನೆ ಎಂದು ಕೇಳಿದರೆ ಬರುವ ಉತ್ತರ ಒಂದೇ: ಆಸೆಯೇ ದುಃಖಕ್ಕೆ ಮೂಲ. ಸಂಸಾರಿಗೆ ಇದು ಆಗಿಬರದ ಮಾತು ಎಂದುಕೊಂಡು ಎಲ್ಲರೂ ಕೈ ಮುಗಿದು ಮುಂದೆ ಹೋಗುತ್ತಾರೆ.

ಪಾಲಿ ಭಾಷೆಯ ಬೌದ್ಧ ಗ್ರಂಥಗಳನ್ನು, ಅದರಲ್ಲೂ ಭಿಕ್ಷುಗಳ ನಡವಳಿಕೆಯ ನಿಯಮಗಳಿರುವ ವಿನಯಪಿಟಕವನ್ನು ತೆರೆದವರಿಗೆ ಕಾಣುವುದು ಬೇರೆಯೇ. ಒಂದು ವಸ್ತುವನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು, ಎಷ್ಟು ಸಲ ರಿಪೇರಿ ಮಾಡಿದ ಮೇಲೆ ಹೊಸದು ಕೇಳಬಹುದು, ಹಳತಾದದ್ದು ಎಲ್ಲಿಗೆ ಹೋಗಬೇಕು, ಪಾತ್ರೆ ತೊಳೆದ ನೀರನ್ನು ಎಲ್ಲಿ ಚೆಲ್ಲಬೇಕು. ಅರ್ಧ ಭಾಗ ಉಗ್ರಾಣದ ಲೆಕ್ಕದ ಪುಸ್ತಕದ ಹಾಗೇ ಇದೆ. ನನಗೆ ಕಾಣುವಂತೆ ಬೌದ್ಧ ನಿಲುವು "ಕೊಳ್ಳಬೇಡ" ಎಂಬುದಲ್ಲ. ಕೈಗೆ ಬಂದದ್ದು ಮಣ್ಣಾಗುವವರೆಗೂ ಅದರ ಲೆಕ್ಕ ನಿನ್ನದೇ, ಆ ಲೆಕ್ಕ ಕೊಡಲಾಗದಿದ್ದರೆ ಕೈ ಚಾಚಬೇಡ ಎಂಬುದು.

ವಿನಯಪಿಟಕದ ಚುಲ್ಲವಗ್ಗ ಎಂಬ ಭಾಗದಲ್ಲಿ ಇದಕ್ಕೊಂದು ಪ್ರಸಂಗವಿದೆ. ಬುದ್ಧ ತೀರಿಕೊಂಡ (ಪರಿನಿಬ್ಬಾಣದ) ನಂತರದ ಮಾತು. ಕೋಸಂಬಿಯಲ್ಲಿ ಉದೇನ ರಾಜನ ಅಂತಃಪುರದ ಹೆಂಗಸರು ಬುದ್ಧನ ಶಿಷ್ಯ ಆನಂದನ ಉಪದೇಶ ಕೇಳಿ ಮೆಚ್ಚಿ 500 ಉತ್ತರೀಯಗಳನ್ನು ಕೊಟ್ಟುಬಿಡುತ್ತಾರೆ. ರಾಜನಿಗೆ ಉರಿ ಹತ್ತುತ್ತದೆ. ಈ ಭಿಕ್ಷು ಬಟ್ಟೆ ವ್ಯಾಪಾರಕ್ಕೆ ಇಳಿಯುತ್ತಾನೋ, ಅಂಗಡಿ ಇಡುತ್ತಾನೋ ಎಂದು ನೇರ ಹೋಗಿ ಕೇಳುತ್ತಾನೆ. ಇಷ್ಟೊಂದು ಬಟ್ಟೆ ಏನು ಮಾಡುತ್ತೀರಿ? ಚೀವರ (ಭಿಕ್ಷುವಿನ ಉಡುಪು) ಸವೆದವರಿಗೆ ಹಂಚುತ್ತೇವೆ. ಅವರ ಹಳೇ ಚೀವರ? ಮೇಲುಹಾಸು ಮಾಡುತ್ತೇವೆ. ಹಳೇ ಮೇಲುಹಾಸು? ಹಾಸಿಗೆಯ ಗವಸು. ಹಳೇ ಗವಸು? ನೆಲಹಾಸು. ಅದು ಹಳತಾದರೆ? ಕಾಲೊರೆಸು. ಅದೂ ಹಳತಾದರೆ? ಧೂಳು ಹೊಡೆಯುವ ಬಟ್ಟೆ. ಆಮೇಲೆ? ಚಿಂದಿ ಮಾಡಿ, ಮಣ್ಣಿಗೆ ಕಲಸಿ, ನೆಲಕ್ಕೆ ಮೆತ್ತುತ್ತೇವೆ. ರಾಜ ಸಮಾಧಾನಗೊಂಡು ಇನ್ನೂ 500 ಬಟ್ಟೆ ಕೊಡುತ್ತಾನೆ. ನಮಗೆ ಆಸೆಯಿಲ್ಲ, ನಾವು ವಿರಾಗಿಗಳು ಎಂದು ಆನಂದ ಒಂದು ಮಾತೂ ಆಡಲಿಲ್ಲ ಎಂಬುದನ್ನು ಗಮನಿಸಬೇಕು. ಏಳು ಮೆಟ್ಟಿಲ ಲೆಕ್ಕ ಒಪ್ಪಿಸಿದ, ಅಷ್ಟೆ.

ನಮ್ಮ ಕಡೆಯ ಮನೆಗಳಲ್ಲೂ ಹತ್ತಿ ಸೀರೆಗೆ ಹೆಚ್ಚುಕಡಿಮೆ ಇದೇ ದಾರಿ ಇತ್ತು: ಸೀರೆ, ತೊಟ್ಟಿಲ ಬಟ್ಟೆ, ಕೌದಿ, ಮಸಿಬಟ್ಟೆ, ನೆಲ ಒರೆಸುವ ಬಟ್ಟೆ, ತಿಪ್ಪೆ. ಈಗ ಆ ಸರಪಳಿ ಕಡಿಯುವುದು ಮನೆಗೆ ಬಂದ ಮೇಲಲ್ಲ, ಅಂಗಡಿಯಲ್ಲೇ. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಹಾಗಾಗಿ ಒರೆಸಲು ಬಾರದು. ಬಿಸಿ ಪಾತ್ರೆ ಹಿಡಿದರೆ ಕರಗುತ್ತದೆ, ಹಾಗಾಗಿ ಮಸಿಬಟ್ಟೆಯೂ ಆಗದು. ತಿಪ್ಪೆಗೆ ಹಾಕಿದರೆ ವರ್ಷ ಕಳೆದರೂ ಹಾಗೇ ಇರುತ್ತದೆ. ಮೂರು ಮೆಟ್ಟಿಲು ಒಟ್ಟಿಗೇ ಹೋದವು. ಜೊತೆಗೆ ಪ್ರತಿ ಒಗೆತಕ್ಕೂ ಅದರಿಂದ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಉದುರಿ ಬಚ್ಚಲ ನೀರಿನ ಜೊತೆ ಹಳ್ಳ ಸೇರುತ್ತವೆ.

ಅಂಗಡಿಯವರು "ಪ್ಯೂರ್ ಕಾಟನ್" ಎಂದರೂ ಒಂದು ಪರೀಕ್ಷೆ ಮಾಡಿಯೇ ನೋಡಬೇಕು. ಒಳಗಿನ ಮಡಿಕೆಯಿಂದ ಉದ್ದದ ಎಳೆ ಒಂದು, ಅಡ್ಡದ ಎಳೆ ಒಂದು ಬೇರೆಬೇರೆಯಾಗಿ ಕೀಳಿ. ಹಾಸು ಹತ್ತಿಯದಾಗಿದ್ದು ಹೊಕ್ಕು ಪಾಲಿಯೆಸ್ಟರ್ ಆಗಿರುವ ಬಟ್ಟೆಗಳೂ ಇವೆ, ಒಂದೇ ಎಳೆ ನೋಡಿದರೆ ಮೋಸ ಹೋಗುತ್ತೀರಿ. ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಹುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಎಳೆ ಮುದುಡಿ, ಕರಗಿ, ತುದಿಯಲ್ಲಿ ಗಟ್ಟಿ ಮಣಿ ನಿಲ್ಲುತ್ತದೆ. ಬೂದಿಯೊಳಗೇ ಗಡಸು ಕಾಳು ಸಿಕ್ಕರೆ ಅದು ಮಿಶ್ರಣ. ಗೊಬ್ಬರಕ್ಕೆ ಹಾಕುವಾಗ ಜರಿ, ಜಿಪ್, ಇಲಾಸ್ಟಿಕ್, ರಬ್ಬರಿನಂತಿರುವ ಪ್ರಿಂಟು ಇವನ್ನೆಲ್ಲ ಕತ್ತರಿಸಿ ತೆಗೆಯಬೇಕು. ಹೊಲಿಗೆಯ ದಾರ ಸಾಮಾನ್ಯವಾಗಿ ಪಾಲಿಯೆಸ್ಟರ್, ಅದನ್ನೂ ಎಳೆದು ತೆಗೆದರೆ ಒಳ್ಳೆಯದು. ಅಂಗೈಗಿಂತ ಚಿಕ್ಕ ಚೂರು ಮಾಡಿ, ನೆನೆಸಿ, ಸಗಣಿ ಮತ್ತು ಹಸಿ ಸೊಪ್ಪಿನ ನಡುವೆ ಹರಡಿ. ಇಡೀ ಬಟ್ಟೆಯನ್ನೇ ಮಡಚಿ ಹಾಕಿದರೆ ಒಳಗೆ ಗಾಳಿಯಾಡದೆ ಮುದ್ದೆಗಟ್ಟಿ ನಾರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗುಂಡಿ ಗೊಬ್ಬರ ಬೇಡ, ನೀರು ನಿಂತು ಕೊಳೆತುಹೋಗುತ್ತದೆ. ನೆಲದ ಮೇಲೆ ಗುಪ್ಪೆ ಮಾಡಿ ಮೇಲೆ ಸೋಗೆಯೋ ತಗಡೋ ಹೊದಿಸಿ.

ಭಿಕ್ಷಾಪಾತ್ರೆಯ ನಿಯಮ ಇನ್ನೂ ಬಿಗಿ. ಹೆಚ್ಚುವರಿ ಪಾತ್ರೆಯನ್ನು 10 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಇರುವ ಪಾತ್ರೆಗೆ ಐದು ತೇಪೆ ಬೀಳುವ ಮೊದಲೇ ಹೊಸದನ್ನು ಕೇಳಿ ಪಡೆದರೆ ಅದು ಆಪತ್ತಿ, ಅಂದರೆ ನಿಯಮ ಮುರಿದ ತಪ್ಪು, ಆ ಹೊಸ ಪಾತ್ರೆಯನ್ನು ಸಂಘಕ್ಕೆ ಒಪ್ಪಿಸಬೇಕು. ಇದನ್ನು ಅಡುಗೆಮನೆಯ ಮಿಕ್ಸಿಗೆ ಅನ್ವಯಿಸಿ ನೋಡಿ. ಮಿಕ್ಸಿ "ಸುಟ್ಟುಹೋಯಿತು" ಎಂದು ಗುಜರಿಗೆ ಹಾಕುವ ಮೊದಲು ಅದನ್ನು ಮಗುಚಿ, ತಳದಲ್ಲಿ ಸಣ್ಣ ಕೆಂಪು ಗುಂಡಿ ಇದೆಯೇ ನೋಡಿ. ಹೊರೆ ಜಾಸ್ತಿಯಾದಾಗ ಅದು ಹೊರಗೆ ಜಿಗಿದು ವಿದ್ಯುತ್ ಕಡಿದಿರುತ್ತದೆ. ಕಾಲು ಗಂಟೆ ಆರಲು ಬಿಟ್ಟು ಒತ್ತಿದರೆ ಎಷ್ಟೋ ಮಿಕ್ಸಿಗಳು ಎದ್ದು ಕೂರುತ್ತವೆ. ಮೋಟಾರ್ ತಿರುಗಿದರೂ ಬ್ಲೇಡ್ ತಿರುಗದಿದ್ದರೆ ಸವೆದಿರುವುದು ಮೋಟಾರಿಗೂ ಜಾರಿಗೂ ಕೊಂಡಿಯಾಗಿರುವ ಕಪ್ಲರ್. ಒಳಗೆ ಕಿಡಿ ಹಾರಿ, ಸುಟ್ಟ ವಾಸನೆ ಬಂದು, ಆಗಾಗ ನಿಲ್ಲುತ್ತಿದ್ದರೆ ಕಾರ್ಬನ್ ಬ್ರಷ್ ತೀರಿರಬಹುದು. ಜಾರ್‌ನ ಅಡಿಯಿಂದ ಕಪ್ಪು ನೀರು ಸೋರಿದರೆ ಬುಷ್ ಹೋಗಿದೆ. ಮೂರೂ ಅಗ್ಗದ ಸಾಮಾನು, ಹಾಸನದ ಯಾವ ರಿಪೇರಿ ಅಂಗಡಿಯಲ್ಲೂ ಆಗುವ ಕೆಲಸ. ಮೋಟಾರಿನ ತಂತಿಯೇ ಸುಟ್ಟಿದ್ದರೆ ಮಾತು ಬೇರೆ. ಹಾಗಾಗುವುದು ಹೆಚ್ಚಾಗಿ ಜಾರ್ ಕಂಠಮಟ್ಟ ತುಂಬಿ, ನೀರು ಹಾಕದೆ, ಬಿಡುವೂ ಕೊಡದೆ ಒಂದೇ ಸಮನೆ ರುಬ್ಬುವುದರಿಂದ. ಎಷ್ಟನೇ ರಿಪೇರಿ ಎಂದು ಮಿಕ್ಸಿಯ ತಳದಲ್ಲೇ ಮಾರ್ಕರ್‌ನಿಂದ ತಾರೀಖು ಬರೆದಿಡಿ. ಐದು ತಾರೀಖು ತುಂಬಿದ ಮೇಲೆ ಹೊಸದನ್ನು ಕೊಂಡರೆ ಯಾರೂ ತಪ್ಪು ಹುಡುಕಲಾರರು.

ಇನ್ನು ಕೊಳ್ಳುವ ಮೊದಲಿನ ಲೆಕ್ಕ. ದೀಘನಿಕಾಯ ಎಂಬ ಉಪದೇಶಗಳ ಸಂಗ್ರಹದ ಮಹಾನಿದಾನ ಸುತ್ತದಲ್ಲಿ (ಸುತ್ತ ಎಂದರೆ ಉಪದೇಶ) ಒಂದು ಸರಪಳಿ ಬರುತ್ತದೆ, ಪಠ್ಯಪುಸ್ತಕಗಳಲ್ಲಿ ಇದನ್ನು ಯಾಕೋ ಬಿಟ್ಟುಬಿಡುತ್ತಾರೆ. ವೇದನೆಯಿಂದ ತೃಷ್ಣೆ, ತೃಷ್ಣೆಯಿಂದ ಹುಡುಕಾಟ, ಹುಡುಕಾಟದಿಂದ ಲಾಭ, ಲಾಭದಿಂದ ಇದು ನನಗೆ ಇಷ್ಟು ಎಂಬ ತೀರ್ಮಾನ, ಅದರಿಂದ ಮೋಹ, ಅಂಟು, ಒಡೆತನ, ಜಿಪುಣತನ, ಕಾವಲು. ಕಾವಲಿನ ದೆಸೆಯಿಂದ ದೊಣ್ಣೆ, ಕತ್ತಿ, ಜಗಳ, ಚಾಡಿ, ಸುಳ್ಳು. ಇಲ್ಲಿ ವೇದನೆ ಎಂದರೆ ನೋವಲ್ಲ, ಹಿತ ಅಹಿತಗಳ ಅನಿಸಿಕೆ. ಕಣ್ಣಿಗೆ ಬಿದ್ದದ್ದು ಹಿತವೆನಿಸುವುದನ್ನು ಯಾರೂ ತಡೆಯಲಾರರು. ಆದರೆ ಹಿತ ಎನಿಸಿದ್ದಕ್ಕೂ ಬೇಕು ಎನಿಸುವುದಕ್ಕೂ ನಡುವೆ ಒಂದು ಸಂದು ಇದೆ. ಬೌದ್ಧ ಅಭ್ಯಾಸವೆಲ್ಲ ಕೈ ಹಾಕುವುದು ಆ ಸಂದಿಗೆ. ಮೊಬೈಲಿನೊಳಗಿನ ಆನ್‌ಲೈನ್ ಅಂಗಡಿಗಳು ದುಡ್ಡು ಸುರಿಯುತ್ತಿರುವುದು ಅದೇ ಸಂದನ್ನು ಮುಚ್ಚಲು: ಒಂದೇ ಒತ್ತಿಗೆ ಆರ್ಡರ್, ಆಮೇಲೆ ದುಡ್ಡು, ಕಂತಿನ ಆಯ್ಕೆ.

ಸಂದನ್ನು ಅಗಲ ಮಾಡಲು ಪಾತ್ರೆಯಂತೆ ಚೀವರಕ್ಕೂ ಇರುವ 10 ದಿನದ ನಿಯಮವನ್ನು ತಿರುಗಿಸಿ ಬಳಸಬಹುದು. ಭಿಕ್ಷುವಿಗೆ ಅದು ಇಟ್ಟುಕೊಳ್ಳುವ ಮಿತಿ, ಗೃಹಸ್ಥರಿಗೆ ಕಾಯುವ ಮಿತಿ. ಬೇಕೆನಿಸಿದ್ದನ್ನು ಆ್ಯಪ್‌ನ ಕಾರ್ಟ್‌ನಲ್ಲಿ ಇಡಬೇಡಿ, ಕಾಗದದಲ್ಲಿ ಬರೆಯಿರಿ. ಈ ಕ್ರಮ ಕೆಡುವುದು ಹೆಚ್ಚಾಗಿ ಇಲ್ಲೇ. ಕಾರ್ಟ್‌ನಲ್ಲಿಟ್ಟರೆ ದಿನಾ ಚಿತ್ರ ತೋರಿಸಿ ನೆನಪಿಸುತ್ತದೆ, ಹತ್ತನೇ ದಿನಕ್ಕೆ ತೃಷ್ಣೆ ಇಮ್ಮಡಿಸಿರುತ್ತದೆ. ಇಂದ್ರಿಯ ಸಂವರದ, ಅಂದರೆ ಕಣ್ಣು ಕಿವಿಗಳನ್ನು ಹಿಡಿತದಲ್ಲಿಡುವ ಸುತ್ತಗಳು ನೋಡಿದ ವಸ್ತುವಿನ ಒಟ್ಟು ರೂಪವನ್ನಾಗಲಿ ಬಿಡಿ ಚಹರೆಗಳನ್ನಾಗಲಿ ಹಿಡಿದುಕೊಳ್ಳಬೇಡ ಎನ್ನುವುದು ಇದಕ್ಕೇ. ಬರೆಯುವಾಗಲೂ ಬ್ರಾಂಡ್ ಬೇಡ, ಉಪಯೋಗ ಬರೆಯಿರಿ: "ಕೆಸರಲ್ಲಿ ಜಾರದ ಚಪ್ಪಲಿ". ಹತ್ತು ದಿನದ ನಂತರ ಸಬ್ಬಾಸವ ಸುತ್ತದ ಪ್ರಶ್ನೆ ಕೇಳಿಕೊಳ್ಳಿ. ಬಟ್ಟೆಯಾದರೆ: ಚಳಿ ತಡೆಯಲು, ಬಿಸಿಲು ತಡೆಯಲು, ನೊಣ ಸೊಳ್ಳೆ ಗಾಳಿ ಹಾವು ಹುಳ ತಡೆಯಲು, ಮಾನ ಮುಚ್ಚಲು, ಅಷ್ಟಕ್ಕೆ. (ನಮ್ಮ ಕಡೆ ಇಂಬಳವನ್ನೂ, ಅಂದರೆ ಜಿಗಣೆಯನ್ನೂ ಸೇರಿಸಿಕೊಳ್ಳಬಹುದು.) ಊಟವಾದರೆ: ಆಟಕ್ಕಲ್ಲ, ಮದಕ್ಕಲ್ಲ, ಮೈ ತುಂಬಿಕೊಳ್ಳಲು ಅಲ್ಲ, ಈ ದೇಹ ನಡೆಯಲು. ಮದುವೆ ಸೀರೆಯನ್ನು ಈ ಪ್ರಶ್ನೆಯಿಂದ ಅಳೆಯಲು ಹೋಗಿ ಮನೆಯಲ್ಲಿ ಜಗಳ ತಂದುಕೊಳ್ಳಬೇಡಿ. ಈ ಪಠ್ಯ ಭಿಕ್ಷುಗಳಿಗೆ ಹೇಳಿದ್ದು, ಗೃಹಸ್ಥರಿಗೆ ಇದು ಅಳತೆಗೋಲು, ಕಾನೂನಲ್ಲ.

ಗೃಹಸ್ಥರಿಗೆಂದೇ ಹೇಳಿದ್ದು ಬೇರೆ ಇದೆ. ಸಿಗಾಲೋವಾದ ಸುತ್ತದಲ್ಲಿ ಗಳಿಕೆಯನ್ನು ನಾಲ್ಕು ಪಾಲು ಮಾಡಿ, ಒಂದನ್ನು ಅನುಭವಿಸು, ಎರಡನ್ನು ಕೆಲಸಕ್ಕೆ ಹಾಕು, ನಾಲ್ಕನೆಯದನ್ನು ಆಪತ್ತಿಗೆ ಎತ್ತಿಡು ಎಂದಿದೆ. ಕಾಫಿ ಬೆಳೆಗಾರರಿಗೆ ಇದು ಚೆನ್ನಾಗಿ ಹೊಂದುತ್ತದೆ. ಕೊಯ್ಲು ಮುಗಿದ ಮೇಲೆ ದುಡ್ಡು ಒಟ್ಟಿಗೇ ಬರುತ್ತದೆ. 8 ಲಕ್ಷ ಬಂದರೆ 4 ಲಕ್ಷ ಕೂಲಿ, ಗೊಬ್ಬರ, ನೀರು, ಚಿಗುರು ತೆಗೆಯುವ ಕೆಲಸಕ್ಕೆ, 2 ಲಕ್ಷ ಆಪತ್ತಿಗೆ, 2 ಲಕ್ಷ ಮನೆಗೆ. ದುಡ್ಡು ಬಂದ ವಾರವೇ ಬೇರೆಬೇರೆ ಖಾತೆಗೆ ಹಾಕದಿದ್ದರೆ ಯುಗಾದಿಯೊಳಗೆ ಹೊಸ ಗಾಡಿ ಅಂಗಳದಲ್ಲಿ ನಿಂತಿರುತ್ತದೆ, ಮಳೆಗಾಲಕ್ಕೆ ಮುಂಚೆ ಗೊಬ್ಬರಕ್ಕೆ ಸಾಲ. ಆದರೆ ತಿಂಗಳಿಗೆ 20,000 ಸಂಬಳದವರಿಗೆ ಐದು ಸಾವಿರದಲ್ಲಿ ಬದುಕು ಎಂದು ಈ ಸುತ್ತ ತೋರಿಸುವುದು ಅನ್ಯಾಯ. ಅದನ್ನು ಕೇಳಿದವನು ಉಳ್ಳವರ ಮನೆಯ ಮಗ. ಸಂಬಳದವರಿಗೆ ಅಂಗುತ್ತರನಿಕಾಯದ ದೀಘಜಾಣು ಸುತ್ತ ಮೇಲು. ಅದರಲ್ಲಿ ಪಾಲು ಗೀಲು ಇಲ್ಲ, ವ್ಯಯ ಆಯವನ್ನು ಮೀರದಿರಲಿ ಎಂಬ ತಕ್ಕಡಿ ಅಷ್ಟೆ. ವರಮಾನ ಕಡಿಮೆಯಿದ್ದೂ ದೌಲತ್ತು ಮಾಡುವವನನ್ನು ಅಲ್ಲಿ ಅತ್ತಿಹಣ್ಣು ತಿನ್ನುವವನು ಎಂದು ಕರೆದಿದೆ. ತನಗೆ ಬೇಕಾದದ್ದು ನಾಲ್ಕು ಹಣ್ಣು, ಅದಕ್ಕಾಗಿ ಇಡೀ ಮರ ಅಲುಗಿಸಿ ರಾಶಿ ಉದುರಿಸುತ್ತಾನೆ ಎಂದು ಅಟ್ಠಕಥೆಯ (ಹಳೆಯ ವ್ಯಾಖ್ಯಾನದ) ವಿವರಣೆ. ವರಮಾನ ಚೆನ್ನಾಗಿದ್ದೂ ಹೊಟ್ಟೆಗಿಲ್ಲದಂತೆ ಬದುಕುವವನನ್ನೂ ಅದೇ ಸುತ್ತ ಬೈಯುತ್ತದೆ. ಜಿಪುಣರು ಇದನ್ನು ಓದಿಕೊಳ್ಳಬೇಕು.

ಅತ್ತಿಮರದ ಮಾತು ಬಂತು. ಬೌದ್ಧ ಪರಂಪರೆಯಲ್ಲಿ ಹಿಂದಿನ ಬುದ್ಧರಲ್ಲೊಬ್ಬನಾದ ಕೋಣಾಗಮನನ ಬೋಧಿವೃಕ್ಷ ಇದೇ ಅತ್ತಿ. ನಮ್ಮ ತೋಟಗಳಲ್ಲಿ ಅತ್ತಿ, ಬಸರಿ, ಗೋಣಿ ಕಡಿದು ಸಿಲ್ವರ್ ಓಕ್ ನಿಲ್ಲಿಸಿದ್ದು ಲೆಕ್ಕಾಚಾರದಿಂದಲೇ. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕೆಂದಾಗ ಮಾರಬಹುದು. ಲೆಕ್ಕದಲ್ಲಿ ಬಿಟ್ಟುಹೋದದ್ದು ಏನೆಂದರೆ, ಕಾಡಿನಲ್ಲಿ ಬೇರೆ ಹಣ್ಣಿಲ್ಲದ ತಿಂಗಳಲ್ಲೂ ಅತ್ತಿಯ ಜಾತಿಯ ಒಂದಲ್ಲ ಒಂದು ಮರ ಹಣ್ಣು ಬಿಟ್ಟಿರುತ್ತದೆ, ಮಂಗಟ್ಟೆಯಿಂದ ಅಳಿಲಿನವರೆಗೆ ಅದನ್ನು ನಂಬಿರುತ್ತವೆ. ಸಿಲ್ವರ್ ಎಲೆ ನಿಧಾನಕ್ಕೆ ಕೊಳೆಯುತ್ತದೆ, ಅತ್ತಿಯ ತರಗು ಬೇಗ ಗೊಬ್ಬರವಾಗುತ್ತದೆ. ಮೇಲಾಗಿ ಅರೇಬಿಕಾಗೆ ನೆರಳು ತೆಳುವಾದರೆ ಬಿಳಿ ಕಾಂಡಕೊರಕಕ್ಕೆ ಹಬ್ಬ. ಆ ದುಂಬಿಗೆ ಬಿಸಿಲು ಇಷ್ಟ, ಬಿಸಿಲು ಬೀಳುವ ಕಾಂಡದ ತೊಗಟೆಯ ಸಂದಿನಲ್ಲಿ ಮೊಟ್ಟೆ ಇಡುತ್ತದೆ.

ಇಲ್ಲಿಗೆ ವಿಷದ ಪ್ರಶ್ನೆ. ಉಪಾಸಕರು (ಗೃಹಸ್ಥ ಬೌದ್ಧರು) ಮಾಡಬಾರದ ಐದು ವ್ಯಾಪಾರಗಳು ಎಂದು ಅಂಗುತ್ತರನಿಕಾಯ ಹೇಳುತ್ತದೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ತೋಟಕ್ಕೆ ವಿಷ ಹೊಡೆಯುವವರ ಬಗ್ಗೆ ಆ ಪಟ್ಟಿಯಲ್ಲಿ ಮಾತಿಲ್ಲ, ಅಲ್ಲಿಗೆ ಮೊದಲ ಶೀಲ, ಕೊಲ್ಲಬಾರದು ಎಂಬುದು, ಬರುತ್ತದೆ. ಪ್ರತೀತ್ಯಸಮುತ್ಪಾದ (ಎಲ್ಲವೂ ಕಾರಣಗಳಿಂದ ಹುಟ್ಟುತ್ತದೆ ಎಂಬ ತತ್ವ) ತಿಳಿದವರು ಕೀಟವನ್ನಲ್ಲ, ಕೀಟ ಬದುಕುವ ಕಾರಣವನ್ನು ಮೊದಲು ಹುಡುಕುತ್ತಾರೆ. ಕಾಫಿಯ ಕಾಯಿಕೊರಕ ಹುಳು ಒಂದು ಕೊಯ್ಲಿನಿಂದ ಮುಂದಿನ ಫಸಲಿನವರೆಗೆ ಬದುಕುವುದು ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಹಣ್ಣಿನೊಳಗೆ. ಆದ್ದರಿಂದ ಕೊಯ್ಯುವಾಗ ಗಿಡದ ಕೆಳಗೆ ಗೋಣಿತಾಟು ಹಾಸಬೇಕು, ಕೊಯ್ಲಾದ ಮೇಲೆ ಉಳಿಕೆ ಹಣ್ಣು ಬಿಡದೆ ತೆಗೆಯಬೇಕು, ನೆಲದ್ದನ್ನು ಹೆಕ್ಕಬೇಕು, ಕಾಳನ್ನು ಸರಿಯಾಗಿ ಒಣಗಿಸಿಯೇ ಮೂಟೆ ಕಟ್ಟಬೇಕು. ಕೂಲಿ ದುಬಾರಿ ಎಂದು ನೆಲದ ಹಣ್ಣು ಹೆಕ್ಕಿಸದೆ ಬಿಟ್ಟವರು ಆ ದುಡ್ಡನ್ನು ಮುಂದಿನ ವರ್ಷ ಔಷಧಿಗೆ ಕೊಡುತ್ತಾರೆ. ಹುಳ ಬಿದ್ದ ಕಾಯಿಯನ್ನು ಎರಡು ಮೂರು ನಿಮಿಷ ಕುದಿಯುವ ನೀರಿಗೆ ಅದ್ದುವುದು ಶಿಫಾರಸಿನ ಕ್ರಮ. ಅದೂ ಕೊಲ್ಲುವುದೇ. ಹಿಂಸೆಯೇ ಇಲ್ಲದ ಬೇಸಾಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಡೀ ತೋಟದ ಮೇಲೆ ಸಿಂಪಡಿಸುವುದಕ್ಕೂ ಒಂದು ಬುಟ್ಟಿ ಕಾಯಿ ಅದ್ದುವುದಕ್ಕೂ ವ್ಯತ್ಯಾಸವಂತೂ ಇದೆ.

ನೀರಿನ ವಿಷಯದಲ್ಲಿ ವಿನಯ ಇನ್ನೂ ನಿಷ್ಠುರ. ನೀರು ಸೋಸುವ ಬಟ್ಟೆ ಭಿಕ್ಷುವಿನ ಎಂಟು ಪರಿಕರಗಳಲ್ಲಿ ಒಂದು. ಅದಿಲ್ಲದೆ ದಾರಿ ನಡೆಯುವಂತಿಲ್ಲ, ಗತಿಯಿಲ್ಲದಿದ್ದರೆ ಸಂಘಾಟಿಯ (ಮೇಲು ಚೀವರದ) ಅಂಚಿನಲ್ಲಾದರೂ ಸೋಸಬೇಕು. ನೀರಿಗೆ ಉಗುಳಬಾರದು, ಉಚ್ಚೆ ಹೊಯ್ಯಬಾರದು. ಉಳಿದ ಅನ್ನವನ್ನು ಹಸಿರಿಲ್ಲದ ಕಡೆ ಅಥವಾ ಜೀವಿಗಳಿಲ್ಲದ ನೀರಿಗೆ ಮಾತ್ರ ಹಾಕಬಹುದು. ಮದುವೆ ಮುಗಿದ ಮೇಲೆ ಮಿಕ್ಕ ಸಾರು ಪಾಯಸಗಳನ್ನು ಕೆರೆ ಕೋಡಿಗೆ ಸುರಿಯುವ ನಮಗೆ ಇದು ನೇರ ತಾಗಬೇಕು. ಅನ್ನ ಮೀನಿಗೆ ಆಹಾರ ತಾನೇ ಎನ್ನುವವರಿದ್ದಾರೆ. ಹೆಚ್ಚಾದದ್ದು ಕೊಳೆಯುವಾಗ ನೀರಿನ ಆಮ್ಲಜನಕವನ್ನೇ ತಿನ್ನುತ್ತದೆ, ಮೀನು ಉಸಿರುಗಟ್ಟಿ ತೇಲುತ್ತವೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರಿನದೂ ಇದೇ ಕತೆ. ಅದರ ಲೋಳೆಯ ಸಕ್ಕರೆ ಹುಳಿತು ಹಳ್ಳದ ಉಸಿರು ಕಟ್ಟಿಸುತ್ತದೆ. ಹೇಮಾವತಿ ಹುಟ್ಟುವುದೇ ಮೂಡಿಗೆರೆ ತಾಲ್ಲೂಕಿನಲ್ಲಿ. ಇಲ್ಲಿ ಹಳ್ಳಕ್ಕೆ ಬಿಟ್ಟದ್ದು ಗೊರೂರು ಅಣೆಕಟ್ಟಿನ ಕಡೆಗೇ ಹರಿಯುವುದು. ಪಲ್ಪಿಂಗ್ ಮಾಡಲೇಬೇಕಿದ್ದರೆ ನೀರನ್ನು ಮರುಬಳಸಿ, ಕೊನೆಯ ನೀರಿಗೆ ಸುಣ್ಣ ಹಾಕಿ ಹುಳಿ ತಗ್ಗಿಸಿ, ಹೊಂಡಗಳಲ್ಲಿ ನಿಲ್ಲಿಸಬೇಕು. ಮಳೆ ಬಂದಾಗ ಹೊಂಡ ಉಕ್ಕುವುದೇ ಮಾಮೂಲಿ ತಪ್ಪು, ಅದಕ್ಕೆ ಹಳ್ಳದಿಂದ ದೂರ, ಎತ್ತರದ ಬದು ಕಟ್ಟಿ ತೋಡಿಸಿ. ಬಿಸಿಲು ಕಾಯುವ ಕಣವಿದ್ದರೆ ಹಣ್ಣನ್ನು ಇಡಿಯಾಗಿ (ಚೆರ್ರಿ) ಒಣಗಿಸುವುದೇ ವಾಸಿ, ನೀರೇ ಬೇಡ.

ವಸ್ಸಾವಾಸ, ಅಂದರೆ ಭಿಕ್ಷುಗಳು ಮಳೆಗಾಲದಲ್ಲಿ ಒಂದೆಡೆ ನಿಲ್ಲುವ ಪದ್ಧತಿ, ಹುಟ್ಟಿದ ಕಾರಣವೂ ಪರಿಸರದ್ದೇ. ಮಳೆಯಲ್ಲೂ ತಿರುಗುವ ಭಿಕ್ಷುಗಳು ಹಸಿರನ್ನು, ಸಣ್ಣ ಜೀವಿಗಳನ್ನು ತುಳಿಯುತ್ತಾರೆ, ಹಕ್ಕಿಗಳೂ ಈ ಕಾಲಕ್ಕೆ ಗೂಡು ಕಟ್ಟಿ ನಿಲ್ಲುತ್ತವಲ್ಲ ಎಂದು ಜನ ಆಕ್ಷೇಪಿಸಿದರು, ಬುದ್ಧ ಮೂರು ತಿಂಗಳು ಒಂದೆಡೆ ನಿಲ್ಲಲು ಹೇಳಿದ. ನಮ್ಮ ಜಿಲ್ಲೆಗಳಿಗೆ ಪ್ರವಾಸಿಗರು ಮುಗಿಬೀಳುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜರಿದ ಮೇಲೂ ಇದು ಬದಲಾಗಿಲ್ಲ. ನೆನೆದ ಹುಲ್ಲುಗಾವಲಿನ ಇಳಿಜಾರಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದ ಜಾಡು ಚರಂಡಿಯಾಗಿ, ಚರಂಡಿ ಕೊರಕಲಾಗುತ್ತದೆ. ಆಷಾಢದಿಂದ ಮೂರು ತಿಂಗಳು ಗಿರಿ ಹತ್ತುವುದನ್ನು ಬಿಟ್ಟರೆ ನಷ್ಟ ಯಾರಿಗೆ ಎಂಬುದು ನನಗೂ ಗೊತ್ತು. ಹೋಮ್‌ಸ್ಟೇಯವರು ಕಣ್ಣು ಕೆಂಪಗೆ ಮಾಡಬಹುದು.

ಬೌದ್ಧರೆಲ್ಲ ಇದರಲ್ಲಿ ಪಾಸಾಗಿದ್ದಾರೆ ಎಂದೇನಿಲ್ಲ. ಪುಣ್ಯಕ್ಕೆಂದು ಮೀನು, ಹಕ್ಕಿ ಕೊಂಡು ಬಿಡುಗಡೆ ಮಾಡುವ ರೂಢಿ ಏಷ್ಯಾದ ಎಷ್ಟೋ ಕಡೆ ಇದೆ. ಬಿಡುವವರಿದ್ದಾರೆ ಎಂದೇ ಹಿಡಿಯುವವರು ಹುಟ್ಟಿಕೊಳ್ಳುತ್ತಾರೆ, ಬೇರೆ ನೀರಿನ ಮೀನು ಕೆರೆ ಸೇರಿದರೆ ಅಲ್ಲಿನ ಮೀನನ್ನು ಮುಗಿಸುತ್ತದೆ. ಹಾಗೆ ಪುಣ್ಯ ಮಾಡಬೇಕೆನಿಸಿದವರಿಗೆ ಸಂಯುತ್ತನಿಕಾಯದ ವನರೋಪ ಸುತ್ತದ ಪಟ್ಟಿ ಇದೆ: ತೋಪು ನೆಡುವುದು, ಸೇತುವೆ, ಅರವಟಿಗೆ, ಬಾವಿ.

ಶುರು ಮಾಡುವವರಿಗೆ ಉಪೋಸಥ, ಅಂದರೆ ಬೌದ್ಧರ ವ್ರತದ ದಿನ, ಅನುಕೂಲ. ಹುಣ್ಣಿಮೆ, ಅಮಾವಾಸ್ಯೆ, ಎರಡು ಅಷ್ಟಮಿ, ತಿಂಗಳಿಗೆ ನಾಲ್ಕು ದಿನ. ಎಂಟು ಶೀಲಗಳಲ್ಲಿ ಮಧ್ಯಾಹ್ನದ ನಂತರ ಊಟವಿಲ್ಲ, ಹಾಡು ಕುಣಿತ ನೋಟಗಳಿಲ್ಲ, ಹೂವು ಗಂಧ ಅಲಂಕಾರವಿಲ್ಲ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು ಊಟ ಬಿಡುವುದು ಬೇಡ. ಇದಕ್ಕೆ ಹಾಲು, ಔಷಧಿ ಬಿಟ್ಟು ಬೇರೇನೂ ಕೊಳ್ಳುವುದಿಲ್ಲ ಎಂಬುದನ್ನು ಸೇರಿಸಿಕೊಳ್ಳಬಹುದು, ಇದು ಸುತ್ತದಲ್ಲಿಲ್ಲ, ನನ್ನ ಸಲಹೆ. ಹಿಂದಿನ ದಿನವೇ ಎರಡರಷ್ಟು ತಂದಿಟ್ಟುಕೊಳ್ಳುವುದು, ಮರುದಿನ ಬಾಕಿ ತೀರಿಸುವಂತೆ ಕೊಳ್ಳುವುದು ಎರಡೂ ನಡೆಯುತ್ತದೆ. ಅದಕ್ಕೇ ಮೂರು ದಿನದ ಖರ್ಚನ್ನೂ ಒಂದೇ ಚೀಟಿಯಲ್ಲಿ ಬರೆಯಿರಿ.